ಕೈ ಎಟುಕಿದಷ್ಟು ಸ್ವಚ್ಛ

ನಾನು ದುಡ್ಡು ಕೊಟ್ಟು ಹೊಸ ಸಾಮಾನು ತರಿಸಿ, ವಾರಗಟ್ಟಲೆ ಕೂತು ಅದನ್ನು ಹಳೇದು ಮಾಡ್ತೀನಿ. ಆಫೀಸಿನಲ್ಲಿ ಇದನ್ನ ಹೇಳಿದಾಗ ಸಹೋದ್ಯೋಗಿಯೊಬ್ಬಳು, "ಅದಕ್ಕೆ ಅಷ್ಟೆಲ್ಲಾ ಕಷ್ಟ ಯಾಕೆ, ನನ್ನ ಮಗನ ಕೈಗೆ ಕೊಡು, ಎರಡು ದಿನ ಸಾಕು" ಅಂದಳು. ನಗು ಬಂತು. ಆದರೆ ಈ ಹವ್ಯಾಸದ ತಕರಾರೆಲ್ಲ ಆ ಮಾತಿನಲ್ಲೇ ಇದೆ. ಅವಳ ಮಗನ ಕೈಯಲ್ಲಿ ಅದು ಆಟಿಕೆ ಹಾಳಾಗೋ ಹಾಗೆ ಹಾಳಾಗುತ್ತೆ. ನನಗೆ ಬೇಕಾದದ್ದು ಇಂಜಿನ್ ಹಳೇದಾಗೋ ಹಾಗೆ ಹಳೇದಾಗೋದು.

ಗೊತ್ತಿಲ್ಲದವರಿಗೆ ಎರಡು ಮಾತು. ನಾನು ಕಟ್ಟೋದು ಸ್ಟೀಮ್ ಇಂಜಿನ್ನುಗಳ ಮಾಡೆಲ್. ಅಳತೆ 1:87, ಅಂದರೆ ಅಸಲಿ ಇಂಜಿನ್ನಿನ 87 ಮಿಲಿಮೀಟರ್ ನನ್ನ ಮೇಜಿನ ಮೇಲೆ ಒಂದೇ ಮಿಲಿಮೀಟರ್. ಟೆಂಡರ್ ಸೇರಿಸಿ ಹತ್ತೊಂಬತ್ತು ಮೀಟರ್ ಉದ್ದದ ಇಂಜಿನ್ 22 ಸೆಂಟಿಮೀಟರಿನಲ್ಲಿ ಮುಗಿದುಹೋಗುತ್ತೆ. ಅದರ ಡ್ರೈವರ್ ಎರಡು ಸೆಂಟಿಮೀಟರಿನ ಮನುಷ್ಯ. ಬಾಡಿಯನ್ನು ಗೆಳೆಯನೊಬ್ಬ ಥ್ರೀಡಿ ಪ್ರಿಂಟರಿನಲ್ಲಿ ಮಾಡಿಕೊಡ್ತಾನೆ, ಚಾಸಿಸ್ಸು ಮೋಟರು ಹೊರಗಿಂದ ತರಿಸ್ತೀನಿ, ಪೈಪು, ಹ್ಯಾಂಡ್‌ರೇಲು, ವಾಲ್ವು ಇವನ್ನೆಲ್ಲ ಹಿತ್ತಾಳೆ ತಂತಿ ಬಗ್ಗಿಸಿ ನಾನೇ ಮಾಡಿ ಅಂಟಿಸ್ತೀನಿ. ಇದಕ್ಕೆ ಡೀಟೇಲಿಂಗ್ ಅಂತಾರೆ. ಆಮೇಲೆ ಬಣ್ಣ. ಬಣ್ಣದ ಮೇಲೆ ಮಸಿ, ಎಣ್ಣೆ, ತುಕ್ಕು, ಧೂಳು. ಇದು ವೆದರಿಂಗ್. ಎರಡಕ್ಕೂ ಕಾನೂನು ಒಂದೇ: ಅಸಲಿ ಇಂಜಿನ್ನಿನಲ್ಲಿ ಇದ್ದದ್ದು ಇರಬೇಕು, ಇಲ್ಲದ್ದು ಇರಬಾರದು.

ಈ ಹುಚ್ಚು ಹತ್ತಿಸಿದ್ದು ಪುಣೆ. ಕೋಥ್ರೂಡಿನಲ್ಲಿ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ಇದೆ, 1998ರಲ್ಲಿ ಶುರುವಾದದ್ದು. ಪ್ರಾಜೆಕ್ಟ್ ಮೇಲೆ ಅಲ್ಲಿ ಆರು ತಿಂಗಳಿದ್ದಾಗ ಒಂದು ಭಾನುವಾರ ಸುಮ್ಮನೆ ಒಳಗೆ ಹೋದೆ. ಮಕ್ಕಳ ಮಧ್ಯೆ ನಿಂತು ಎರಡು ಶೋ ನೋಡಿ ಹೊರಗೆ ಬಂದಾಗ ತಲೆಯಲ್ಲಿ ಒಂದೇ ಪ್ರಶ್ನೆ: ಇದರಲ್ಲಿ ನಮ್ಮ ಕಡೆಯ ಗಾಡಿ ಎಲ್ಲಿ?

ನಮ್ಮ ಕಡೆ ಅಂದರೆ ಗಜೇಂದ್ರಗಡ. ಬೆಟ್ಟ ಇದೆ, ಕೋಟೆ ಇದೆ, ಕಾಲಕಾಲೇಶ್ವರ ಇದ್ದಾನೆ, ಮಗ್ಗ ಇವೆ, ಈಗೀಗ ಗುಡ್ಡದ ಸಾಲಿನ ಮೇಲೆಲ್ಲ ಗಾಳಿಯಂತ್ರಗಳೂ ಬಂದಿವೆ. ಇಲ್ಲದ್ದು ರೈಲು. ರೈಲು ನೋಡಬೇಕಂದ್ರೆ ಬಸ್ಸು ಹತ್ತಿ ನರೇಗಲ್ ಮೇಲೆ ಗದಗಕ್ಕೆ ಹೋಗಬೇಕು, ಇಲ್ಲಾ ರೋಣ ದಾಟಿ ಹೊಳೆಆಲೂರಿಗೆ. 2025ರ ಮೇ ತಿಂಗಳಲ್ಲಿ ಪಕ್ಕದ ಕುಷ್ಟಗಿಗೆ ರೈಲು ಬಂದಾಗ ನಮ್ಮ ಮನೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಫೋಟೊಗಳ ಸುಗ್ಗಿ. ದೊಡ್ಡಪ್ಪ ಮಾತ್ರ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು, "ಇದರಾಗ ಇಂಜಿನ್ ಎಲ್ಲೈತಿ?" ಅಂದರಂತೆ. ಸ್ಟೀಮ್ ಅಲ್ಲದ್ದನ್ನು ಅವರು ಇಂಜಿನ್ ಅಂತ ಒಪ್ಪೋದಿಲ್ಲ. ಡೀಸೆಲ್ಲಿಗೆ ಅವರಿಟ್ಟ ಹೆಸರು 'ಜನರೇಟರ್'. ತಮಾಷೆ ಅಂದ್ರೆ ಡೀಸೆಲ್ ಇಂಜಿನ್ನು ನಿಜಕ್ಕೂ ಗಾಲಿಯ ಮೇಲಿನ ಜನರೇಟರೇ, ಅದು ಹುಟ್ಟಿಸೋ ಕರೆಂಟಿನಿಂದ ಮೋಟರು ತಿರುಗೋದು. ಇನ್ನೂ ತಮಾಷೆ ಅಂದ್ರೆ ದೊಡ್ಡಪ್ಪ ತಮ್ಮ ನೌಕರಿಯ ಕೊನೆಯ ವರ್ಷಗಳಲ್ಲಿ ಓಡಿಸಿದ್ದು ಅದನ್ನೇ.

ರೈಲಿಲ್ಲದ ಊರಿನಿಂದ ರೈಲ್ವೆಗೆ ಹೋದವರು ಅವರು. 1963ರಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ, ಹುಬ್ಬಳ್ಳಿಯಲ್ಲಿ ಕ್ಲೀನರ್ ಆಗಿ ಸೇರಿದರು. ಲಾರಿ ಕ್ಲೀನರ್ ಅಲ್ಲ, ಇಂಜಿನ್ ಕ್ಲೀನರ್. ಸ್ಟೀಮ್ ಕಾಲದಲ್ಲಿ ಡ್ರೈವರ್ ಆಗೋ ಏಣಿಯ ಮೊದಲ ಮೆಟ್ಟಿಲು ಅದು: ಕ್ಲೀನರ್, ಆಮೇಲೆ ಫೈರ್‌ಮನ್, ಆಮೇಲೆ ಶಂಟರ್, ಕೊನೆಗೆ ಡ್ರೈವರ್. ಆ ಏಣಿ ಹತ್ತಲಿಕ್ಕೆ ವರ್ಷಗಟ್ಟಲೆ ಬೇಕಿತ್ತು. 2004ರಲ್ಲಿ ನಿವೃತ್ತರಾದರು. ಈಗ ವಯಸ್ಸು ಎಂಬತ್ತೊಂದು. ಕಿವಿ ಅರ್ಧ ಹೋಗಿದೆ. ಫೈರ್‌ಬಾಕ್ಸಿನ ಮುಂದೆ ವರ್ಷಾನುಗಟ್ಟಲೆ ನಿಂತವರಿಗೆ ಅದು ಮಾಮೂಲು ಅಂತ ಅವರೇ ಹೇಳ್ತಾರೆ.

ನನ್ನ ಮೇಜಿನ ಮೇಲಿರೋ ಇಂಜಿನ್ ಅವರ ಕಾಲದ್ದು. ಕ್ಲಾಸು ವೈಪಿ. ವೈ ಅಂದರೆ ಮೀಟರ್ ಗೇಜ್, ಪಿ ಅಂದರೆ ಪ್ಯಾಸೆಂಜರ್. ಗೂಡ್ಸಿಗೆ ಅದರ ಜೊತೆಯದು ವೈಜಿ. ಮೊದಲ ಇಪ್ಪತ್ತು ವೈಪಿಗಳು 1949ರಲ್ಲಿ ಅಮೆರಿಕದ ಬಾಲ್ಡ್ವಿನ್ ಕಾರ್ಖಾನೆಯಿಂದ ಬಂದವು. 1970ಕ್ಕೆ ತಯಾರಿಕೆ ನಿಂತಾಗ ಒಟ್ಟು 871 ಆಗಿದ್ದವು. ಸ್ಕಾಟ್ಲೆಂಡಿನ ನಾರ್ತ್ ಬ್ರಿಟಿಷ್, ಜರ್ಮನಿಯ ಕ್ರಾಸ್-ಮಫಾಯ್ ಕಂಪನಿಗಳೂ ಮಾಡಿದವು, ನಮ್ಮ ಜಮ್‌ಶೆಡ್‌ಪುರದ ಟೆಲ್ಕೊ ಸಹ. ನಿಮ್ಮಲ್ಲಿ ಯಾರಾದರೂ ಇಎಂಐ ಕಟ್ಟುತ್ತಾ ಟಾಟಾ ಕಾರು ಓಡಿಸ್ತಿದ್ದರೆ ಒಂದು ವಿಷಯ: ಟೆಲ್ಕೊ ಅನ್ನೋ ಹೆಸರಿನಲ್ಲಿದ್ದ 'ಎಲ್' ಲೋಕೋಮೋಟಿವ್. ನಿಮ್ಮ ಕಾರಿನ ಕಂಪನಿ ಹುಟ್ಟಿದ್ದು ಸ್ಟೀಮ್ ಇಂಜಿನ್ ಮಾಡಲಿಕ್ಕೆ.

ಅವರ ಗಾಡಿಗಳು ಓಡಿದ ದಾರಿಗಳಲ್ಲೊಂದು ಗದಗದಿಂದ ಹೊಳೆಆಲೂರು, ಬಾದಾಮಿ, ಬಾಗಲಕೋಟೆ, ವಿಜಯಪುರ ಮುಟ್ಟಿ ಸೊಲ್ಲಾಪುರದ ಹತ್ತಿರದ ಹೋಟಗಿಗೆ ಹೋಗೋ ಲೈನು. 1876-78ರ ಮಹಾ ಬರದಲ್ಲಿ ಈ ಭಾಗದ ಜನ ಸತ್ತದ್ದಕ್ಕೆ ಕಾಳು ತರಲಿಕ್ಕೆ ದಾರಿಯಿಲ್ಲದ್ದೂ ಒಂದು ಕಾರಣ ಅನ್ನೋದು ಕಂಡ ಮೇಲೆ, 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹಾಕಿದ ಮೀಟರ್ ಗೇಜ್. ಈಗ ಅದೆಲ್ಲ ಬ್ರಾಡ್ ಗೇಜ್ ಆಗಿದೆ. ಹುಬ್ಬಳ್ಳಿ-ಗದಗ ಕಡೆ 1990ರ ದಶಕದಲ್ಲಿ, ಬಾದಾಮಿ ಕಡೆ ಅದರ ನಂತರ.

ಡೀಟೇಲಿಂಗಿನಲ್ಲಿ ಬಹಳಷ್ಟು ಕೆಲಸ ಅಳತೆಯದ್ದು. ವೈಪಿಯ ದೊಡ್ಡ ಗಾಲಿ 1372 ಮಿಲಿಮೀಟರ್, ನನಗೆ 15.8. ಮೀಟರ್ ಗೇಜನ್ನು 87ರಿಂದ ಭಾಗಿಸಿದರೆ ಹನ್ನೊಂದೂವರೆ ಮಿಲಿಮೀಟರ್ ಬರುತ್ತೆ. ಜಗತ್ತಿನ ಹವ್ಯಾಸಿಗಳು ಅದನ್ನ 12 ಅಂತ ಒಪ್ಪಿಕೊಂಡಿದ್ದಾರೆ, ನಾನೂ ಒಪ್ಪಿದ್ದೀನಿ, ಅರ್ಧ ಮಿಲಿಮೀಟರಿಗೆ ಜಗಳ ಆಡೋ ವಯಸ್ಸಲ್ಲ. ಪೈಪು ಎಲ್ಲಿ ಬಗ್ಗುತ್ತೆ, ಮೆಟ್ಟಿಲು ಎಷ್ಟು, ಇವಕ್ಕೆಲ್ಲ ಸ್ಟೇಷನ್ನುಗಳ ಮುಂದೆ ಕಟ್ಟೆ ಕಟ್ಟಿ ನಿಲ್ಲಿಸಿದ ಇಂಜಿನ್ನುಗಳಿವೆ. ಇಂಜಿನ್ನನ್ನು ಓದೋದು ಹೇಗೆ ಅಂತ ಕಲಿಯಲಿಕ್ಕೆ ಮೈಸೂರಿನ ರೈಲು ಮ್ಯೂಸಿಯಂ ಇದೆ, 1979ರಿಂದ. ಆದರೆ ಹಾಗೆ ನಿಲ್ಲಿಸಿದ ಇಂಜಿನ್ನುಗಳು ಮದುವೆ ಮನೆಯ ಗಡಿಗೆ ಇದ್ದ ಹಾಗೆ. ಮೇಲಿಂದ ಮೇಲೆ ಎನಾಮಲ್ ಬಳಿದು, ಕೆಂಪು ಹಳದಿ ಗೆರೆ ಎಳೆದು ಇಟ್ಟಿರ್ತಾರೆ. ಅವನ್ನ ನೋಡಿ ಅಳತೆ ತಗೋಬಹುದು, ಬಣ್ಣ ತಗೋಬಾರದು.

ಅದಕ್ಕಿಂತ ದೊಡ್ಡ ಪ್ರಶ್ನೆ ಬೇರೆ: ಯಾವ ದಿನದ ಇಂಜಿನ್? ದೊಡ್ಡಪ್ಪ ಸೇರಿದಾಗ ಹುಬ್ಬಳ್ಳಿ ದಕ್ಷಿಣ ರೈಲ್ವೆಯಲ್ಲಿತ್ತು, ಇಂಜಿನ್ ಮೇಲಿನ ಅಕ್ಷರ 'ಎಸ್‌ಆರ್'. 1966ರ ಅಕ್ಟೋಬರ್ 2ರಂದು ದಕ್ಷಿಣ ಮಧ್ಯ ರೈಲ್ವೆ ಹುಟ್ಟಿ ಹುಬ್ಬಳ್ಳಿ ಅದಕ್ಕೆ ಹೋಯಿತು, ಅಕ್ಷರ 'ಎಸ್‌ಸಿ' ಆಯಿತು. 2003ರಲ್ಲಿ ನೈಋತ್ಯ ರೈಲ್ವೆ ಬಂದು ಹುಬ್ಬಳ್ಳಿಯೇ ಅದರ ಕೇಂದ್ರ. "ನಾ ಕುಂತಲ್ಲೇ ಕುಂತೀನಿ, ಮೂರು ರೈಲ್ವೆ ನನ್ನ ಮ್ಯಾಲಿಂದ ಹಾದು ಹೋದ್ವು" ಅಂತಾರೆ ಅವರು. ಮಾಡೆಲ್ ಮಾಡೋನಿಗೆ ಇದು ದಾಖಲೆ. ಒಂದು ಅಕ್ಷರ ಬರೆದ ಕೂಡಲೇ ಇಂಜಿನ್ನಿಗೆ ತಾರೀಖು ಬಿದ್ದುಬಿಡುತ್ತೆ, ಆಮೇಲೆ ಅದರ ಮೇಲಿನ ಮಸಿಯೂ ಆ ತಾರೀಖಿನದ್ದೇ ಆಗಿರಬೇಕು.

ನಾನು 'ಎಸ್‌ಸಿ' ಬರೆದೆ. ಕಾರಣ ಫೋಟೊ. ಬ್ರಿಟನ್ನಿನಲ್ಲಿ 1968ರ ಆಗಸ್ಟಿನಲ್ಲಿ ಸ್ಟೀಮ್ ಮುಗಿಯಿತು. ಅಲ್ಲಿನ ಸ್ಟೀಮ್ ಹುಚ್ಚರು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಇನ್ನೂ ಸ್ಟೀಮ್ ಉಳಿದಿದ್ದ ದೇಶಗಳನ್ನು ಹುಡುಕುತ್ತಾ ಹೊರಟರು, ಇಂಡಿಯಾಕ್ಕೂ ಬಂದರು. ನಮ್ಮ ಮೀಟರ್ ಗೇಜ್ ಇಂಜಿನ್ನುಗಳ ಒಳ್ಳೇ ಕಲರ್ ಫೋಟೊಗಳು ಅಂತ ನನ್ನ ಕೈಗೆ ಸಿಕ್ಕವೆಲ್ಲ ಹೆಚ್ಚುಕಮ್ಮಿ 1970, 80ರ ದಶಕದ್ದು. ಸೂರ್ಯ ಇಳಿಯೋ ಹೊತ್ತು, ಕರೀ ಹೊಗೆ, ಮೈಯೆಲ್ಲ ಬಿಳಿ ಗೆರೆ ಸುರಿದ ಇಂಜಿನ್. ಆ ಫೋಟೊಗಳನ್ನ ನೂರಾರು ಸಲ ದೊಡ್ಡದು ಮಾಡಿ ನೋಡಿದ್ದೀನಿ.

ವೆದರಿಂಗ್ ಅಂದರೆ ಕಂದು ಬಣ್ಣ ತಗೊಂಡು ಮೈಮೇಲೆಲ್ಲ ಸಿಂಪಡಿಸೋದು ಅಂದುಕೊಂಡವರು ಬಹಳ ಜನ. ಯೂಟ್ಯೂಬಿನಲ್ಲಿ ಹತ್ತು ನಿಮಿಷದಲ್ಲಿ ಮುಗಿಸ್ತಾರೆ. ನೋಡಲಿಕ್ಕೆ ಚೆನ್ನಾಗೇ ಇರುತ್ತೆ. ಆದರೆ ಕೇಳಿ ನೋಡಿ, ಈ ಕಲೆ ಇಲ್ಲಿ ಯಾಕಿದೆ ಅಂತ, ಉತ್ತರ ಇರೋದಿಲ್ಲ. ಅಸಲಿ ಇಂಜಿನ್ನಿನ ಒಂದೊಂದು ಕಲೆಗೂ ಕಾರಣ ಇದೆ. ಸ್ಮೋಕ್‌ಬಾಕ್ಸಿನ ಕಪ್ಪು ಬೂದಿಗೆ ತಿರುಗಿರುತ್ತೆ, ಯಾಕಂದ್ರೆ ಒಳಗಿನ ಕಾವಿಗೆ ಬಣ್ಣ ಸುಟ್ಟುಹೋಗಿರುತ್ತೆ. ಅದರ ಬಾಗಿಲಿನ ಕೆಳಗೆ ಬೂದಿ ತೆಗೆಯುವಾಗ ಚೆಲ್ಲಿದ್ದು ಕೂತು ತುಕ್ಕು ಹಿಡಿದಿರುತ್ತೆ. ಗಾಲಿ ತಿರುಗಿಸೋ ರಾಡುಗಳು ತುಕ್ಕು ಹಿಡಿಯೋದಿಲ್ಲ, ಎಣ್ಣೆ ಬಿದ್ದು ಬಿದ್ದು ಕಂದು-ಕಪ್ಪು ಹೊಳಪಾಗಿರ್ತವೆ. ಬ್ರೇಕ್ ಹತ್ತಿರ ಗಾಲಿಗೆ ಕೆಂಪು ಪುಡಿ ಅಂಟಿರುತ್ತೆ, ಅದು ಬ್ರೇಕ್ ಬ್ಲಾಕಿನ ಕಬ್ಬಿಣ ಸವೆದದ್ದು. ಟೆಂಡರಿನ ಹಿಂಭಾಗದಲ್ಲಿ ನೀರು ತುಂಬುವಾಗ ಉಕ್ಕಿ ಇಳಿದ ಗೆರೆ. ಇನ್ನು ಕ್ಯಾಬಿನ ಮೆಟ್ಟಿಲಿನ ನಡುಭಾಗ, ಹ್ಯಾಂಡ್‌ರೇಲಿನ ಒಂದು ಗೇಣು, ಇವು ಮಾತ್ರ ಬೆಳ್ಳಿಯ ಹಾಗೆ ಮಿರಮಿರ. ಕಾಲು ಇಟ್ಟ ಜಾಗ, ಕೈ ಹಿಡಿದ ಜಾಗ.

ಇದನ್ನೆಲ್ಲ ಕಲಿಯಲಿಕ್ಕೆ ರೈಲೇ ಬೇಕಂತಿಲ್ಲ. ಊರಿಗೆ ಹೋದಾಗ ನಮ್ಮ ಗುಡ್ಡದ ಗಾಳಿಯಂತ್ರಗಳನ್ನ ನೋಡಿ. ಬೆಳ್ಳಗಿನ ಕಂಬದ ತುದಿಯಿಂದ ಕಂದು ಗೆರೆಯೊಂದು ಕೆಳಗಿಳಿದಿರುತ್ತೆ ಕೆಲವಕ್ಕೆ. ಮೇಲೆ ಎಲ್ಲೋ ಎಣ್ಣೆ ಸೋರಿದೆ, ಗಾಳಿ ಯಾವ ಕಡೆಯಿಂದ ಬೀಸುತ್ತೆ ಅನ್ನೋದೂ ಆ ಗೆರೆಯಲ್ಲಿ ಗೊತ್ತಾಗುತ್ತೆ. ಅಥವಾ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬಸ್ಸಿನ ಮಡ್‌ಗಾರ್ಡ್ ನೋಡಿ, ಬೋರ್ಡ್ ಓದದೇ ಹೇಳಬಹುದು: ರೋಣ-ನರಗುಂದದ ಕಡೆಯಿಂದ ಬಂದದ್ದಕ್ಕೆ ಎರಿ ಮಣ್ಣು, ಒಣಗಿ ಬೂದು, ಗುಡ್ಡದ ಕಡೆಯದಕ್ಕೆ ಮಸಾರಿ, ಕೆಂಪು.

ದೊಡ್ಡಪ್ಪನ ಲೈನಿನಲ್ಲೂ ಅದೇ ಕತೆ. ಹೊಳೆಆಲೂರಿನವರೆಗೆ ಎರಿ ಹೊಲ, ಬಾದಾಮಿ ಹತ್ತಿರವಾದ ಹಾಗೆ ಕೆಂಪು ಕಲ್ಲು. ಹಾಗಾಗಿ ನನ್ನ ವೈಪಿಯ ಕೆಳಭಾಗಕ್ಕೆ ಎರಡೂ ಬೇಕು, ಮೊದಲು ಬೂದು, ಮೇಲೆ ತೆಳುವಾಗಿ ಕೆಂಪು. ಡಬ್ಬಿಯ ಬಣ್ಣ ಬೇಡ ಅಂತ ಎರಡೂ ಕಡೆಯ ಮಣ್ಣನ್ನೇ ತಂದೆ. ಆದರೆ ಮಣ್ಣನ್ನು ಹಾಗೇ ಹಚ್ಚಲಿಕ್ಕಾಗಲ್ಲ. ಮಿಲಿಮೀಟರಿನ ಹತ್ತನೇ ಒಂದು ಭಾಗದ ಕಣ ನನ್ನ ಅಳತೆಯಲ್ಲಿ ಒಂಬತ್ತು ಮಿಲಿಮೀಟರಿನ ಹರಳು. ಧೂಳಿನ ಬದಲು ಜಲ್ಲಿಕಲ್ಲು ಅಂಟಿಸಿದ ಹಾಗೆ ಕಾಣುತ್ತೆ. ಖಲಬತ್ತಿನಲ್ಲಿ ಅರೆದು, ತೆಳು ಬಟ್ಟೆಯಲ್ಲಿ ಜರಡಿ ಹಿಡಿದು, ಮತ್ತೆ ಅರೆದು, ಬ್ರಶ್ಶಿನ ತುದಿಯಲ್ಲಿ ಪೌಡರಿನ ಹಾಗೆ ಕೂರಿಸಬೇಕು. ಆ ಖಲಬತ್ತಿನ ವಿಷಯವಾಗಿ ಮನೆಯಲ್ಲಿ ಏನಾಯಿತು ಅನ್ನೋದು ಇನ್ನೊಂದು ಅಂಕಣಕ್ಕಿರಲಿ.

ಕಪ್ಪಿನದ್ದೂ ಒಂದು ಮಾತು ಹೇಳಿಬಿಡ್ತೀನಿ. ಡಬ್ಬಿಯ ಅಪ್ಪಟ ಕಪ್ಪು ಬಳಿದರೆ ಮಾಡೆಲ್ ಸತ್ತುಹೋಗುತ್ತೆ, ಒಂದು ಡೀಟೇಲೂ ಕಾಣೋದಿಲ್ಲ. ಬಿಸಿಲಲ್ಲಿ ಓಡೋ ಯಾವ ಕಪ್ಪೂ ಕಪ್ಪಾಗಿ ಉಳಿಯಲ್ಲ. ನಮ್ಮಜ್ಜಿಯ ಟ್ರಂಕಿನಲ್ಲಿ ಒಂದು ಚಂದ್ರಕಾಳಿ ಸೀರೆ ಇತ್ತು. ಮಡಿಕೆಯ ಒಳಗೆ ಕಾಡಿಗೆ ಕಪ್ಪು, ಬಿಸಿಲು ಕಂಡ ಮೈಯಲ್ಲಿ ಸ್ವಲ್ಪ ಕಂದು, ಸ್ವಲ್ಪ ಬೂದು. ಪಟ್ಟೆದಂಚು ನೇಯೋ ಊರಿನವನಾಗಿ ಬಣ್ಣ ಮಾಸೋದನ್ನು ಸೀರೆಯಿಂದ ಕಲಿತೆ ಅಂದರೆ ಯಾರೂ ಬೇಸರ ಮಾಡಿಕೊಳ್ಳಬಾರದು. ನನ್ನ ಇಂಜಿನ್ನಿನ ಮೇಲೆ ನಾಲ್ಕು ಥರದ ಕಪ್ಪಿದೆ, ಅದರಲ್ಲಿ ಒಂದೂ ಅಪ್ಪಟ ಅಲ್ಲ.

ಇನ್ನು ಬಿಳಿ ಗೆರೆ. ಇದೇ ನನಗೆ ಎಲ್ಲಕ್ಕಿಂತ ಪ್ರೀತಿಯದು, ಯಾಕಂದ್ರೆ ಇದು ನಮ್ಮ ನೆಲದ ಸಹಿ.

ನಮ್ಮ ಕಡೆ ಮನೆಯಲ್ಲಿ ಬಂಬಾ ಇದ್ದವರಿಗೆ ಸ್ಟೀಮ್ ಇಂಜಿನ್ ವಿವರಿಸಬೇಕಾಗಿಲ್ಲ. ತಾಮ್ರದ ಹಂಡೆ, ನಡುವೆ ಕೊಳವೆ, ಕೊಳವೆಯಲ್ಲಿ ಬೆಂಕಿ, ಸುತ್ತಲೂ ನೀರು. ಇಂಜಿನ್ನಿನ ಬಾಯ್ಲರ್ ಅಂದರೆ ಅಡ್ಡ ಮಲಗಿಸಿದ ಬಂಬಾ, ಒಂದು ಕೊಳವೆಯ ಬದಲು ಹತ್ತಾರು. ಬಂಬಾದ ತೋಟಿಯ ಬಾಯಿಗೆ ಬೆಳ್ಳಗೆ ಕಟ್ಟಿಕೊಳ್ತಿತ್ತಲ್ಲ, ಅಮ್ಮ ಹುಣಸೆಹಣ್ಣು ಹಚ್ಚಿ ತಿಕ್ಕಿದರೂ ಹೋಗದ್ದು, ಅದೇ ಸುಣ್ಣ. ಗಡಸು ನೀರಿನಲ್ಲಿ ಕರಗಿರೋ ಸುಣ್ಣದ ಅಂಶ ಕಾವಿಗೆ ಗಟ್ಟಿಯಾಗಿ, ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕೂತುಬಿಡುತ್ತೆ. ಇಂಜಿನ್ನಿನ ಬಾಯ್ಲರಿನಲ್ಲೂ ಹಾಗೇ. ಒಳಗೆ ಕೂತರೆ ಕಾವು ನೀರಿಗೆ ಮುಟ್ಟಲ್ಲ, ಕಲ್ಲಿದ್ದಲು ದಂಡ. ಅದಕ್ಕೇ ಕೆಲವು ದಿನಕ್ಕೊಮ್ಮೆ ಇಂಜಿನ್ ಆರಿಸಿ, ಬಾಯ್ಲರಿನ ಪ್ಲಗ್ಗುಗಳನ್ನು ಬಿಚ್ಚಿ, ಜೋರು ನೀರು ಬಿಟ್ಟು ತೊಳೀತಿದ್ದರು. ಅದಕ್ಕೆ ವಾಶ್‌ಔಟ್ ಅಂತ ಹೆಸರು. ಎಷ್ಟು ದಿನಕ್ಕೊಮ್ಮೆ ಅನ್ನೋದನ್ನ ಆಯಾ ಸೀಮೆಯ ನೀರೇ ಹೇಳುತ್ತಿತ್ತು. ಪ್ಲಗ್ಗು ಸ್ವಲ್ಪ ಸೋರಿದರೂ ಸಾಕು, ನೀರು ಆವಿಯಾಗಿ ಹೋಗಿ ಸುಣ್ಣ ಮಾತ್ರ ಗೆರೆಯಾಗಿ ಉಳೀತಿತ್ತು. ನೀರು ತೀರಾ ಕೆಟ್ಟದ್ದಾಗಿದ್ದರೆ ಬಾಯ್ಲರಿನಲ್ಲಿ ನೊರೆ ಎದ್ದು ಚಿಮಣಿಯಿಂದಲೇ ಉಕ್ಕಿ, ಮುಂಭಾಗವೆಲ್ಲ ಹಾಲು ಚೆಲ್ಲಿದ ಹಾಗೆ ಆಗುತ್ತಿತ್ತು. ಮಳೆನಾಡಿನ ಮೆದು ನೀರು ಕುಡಿದ ಇಂಜಿನ್ನು ಹೀಗಿರೋದಿಲ್ಲ.

ಈ ಗೆರೆಗೆ ನಾನು ಬಿಳಿ ಬಣ್ಣ ಬಳಸಲಿಲ್ಲ. ಎಲೆ-ಅಡಿಕೆಗೆ ಹಚ್ಚೋ ಸುಣ್ಣ ತಂದು, ನೀರಿನಲ್ಲಿ ತೆಳುವಾಗಿ ಕಲಸಿ, ಒಂದೇ ಕೂದಲಿನಷ್ಟು ಸಣ್ಣ ಬ್ರಶ್ಶಿನಲ್ಲಿ ಪ್ಲಗ್ಗಿನಿಂದ ಕೆಳಗೆ ಇಳಿಸಿದೆ. ತಿನ್ನೋ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನಕ್ಕೆ ಕ್ಯಾಲ್ಸಿಯಂ ಕಾರ್ಬೊನೇಟೇ ಆಗುತ್ತೆ. ಅಂದರೆ ಬಣ್ಣ ಅಲ್ಲ, ಅಸಲಿ ಸಾಮಾನು. ಎಡಗಡೆ ಬಲಗಡೆ ಸೇರಿ ಹನ್ನೊಂದು ಗೆರೆ, ಸೇಫ್ಟಿ ವಾಲ್ವಿನ ಸುತ್ತ ಒಂದಿಷ್ಟು ಚಿಮುಕು. ಮೂರು ವಾರ ಹಿಡಿಯಿತು. ಇದರ ಮೇಲೆ ಮ್ಯಾಟ್ ವಾರ್ನಿಶ್ ಹೊಡೆದರೆ ಎಲ್ಲ ಕಾಯಂ. ಅದಕ್ಕೆ ಮೊದಲು ದೊಡ್ಡಪ್ಪನಿಗೆ ಒಂದು ಸಲ ತೋರಿಸಬೇಕು ಅಂತ ಹಾಗೇ ಇಟ್ಟು, ದೀಪಾವಳಿಗೆ ಶೂ ಡಬ್ಬಿಯಲ್ಲಿ ಹತ್ತಿ ಹಾಸಿ ಊರಿಗೆ ತಗೊಂಡು ಹೋದೆ.

ಕಟ್ಟೆಯ ಮೇಲೆ ಕೂತಿದ್ದರು. ಕೈಯಲ್ಲಿಟ್ಟೆ. ಮೊದಲು ತೂಕ ನೋಡಿದರು. ಆಮೇಲೆ ಕನ್ನಡಕ ಏರಿಸಿ ಮುಂದಿನಿಂದ ಹಿಂದಕ್ಕೆ ಒಂದೊಂದೇ ಭಾಗ ನೋಡುತ್ತಾ ಹೋದರು. ಹೆಸರು ಹೇಳಿ ಹೇಳಿ ನೋಡಿದರು, ಹಾಜರಿ ತಗೊಂಡ ಹಾಗೆ. ಇಂಜೆಕ್ಟರ್ ಪೈಪಿನ ಹತ್ತಿರ ನಿಂತು "ಹ್ಞೂಂ" ಅಂದರು. ನನಗೆ ಪ್ರಮೋಶನ್ ಸಿಕ್ಕಷ್ಟು ಖುಷಿ. ಆಮೇಲೆ ಧೋತರದ ಚುಂಗನ್ನು ಬೆರಳಿಗೆ ಸುತ್ತಿ, ಅದಕ್ಕೆ ಸ್ವಲ್ಪ ಉಗುಳು ಹಚ್ಚಿ, ಬಾಯ್ಲರಿನ ಎಡಮಗ್ಗಲನ್ನ ಮುಂದಿನಿಂದ ಹಿಂದಕ್ಕೆ ಒರೆಸಿಬಿಟ್ಟರು.

"ದೊಡ್ಡಪ್ಪಾ!" ಅಂತ ನಾನು ಕೂಗಿದ್ದು ಅಡುಗೆಮನೆಗೆ ಕೇಳಿತು.

"ಏನಪಾ, ಹೊಲಸು ಇತ್ತು" ಅಂದರು.

"ಹೊಲಸಲ್ರೀ ಅದು, ಬೇಕಂತ ಹಚ್ಚೀನಿ. ಖರೇ ಇಂಜಿನ್ ಹಿಂಗ ಇರ್ತಿತ್ತಲ್ರೀ?"

"ಯಾರು ಹೇಳಿದ್ರು ನಿನಗ?"

ಫೋನಿನಲ್ಲಿ ಫೋಟೊ ತೋರಿಸಿದೆ. ಬಹಳ ಹೊತ್ತು ನೋಡಿದರು. "ಇವು ಯಾವಾಗಿನವು?" ಅಂದರು. ಎಪ್ಪತ್ತೆಂಟು, ಎಂಬತ್ತೊಂದು ಅಂತ ಹೇಳಿದೆ. "ಹಂಗಾರ ಖರೇನ. ಆವಾಗ ಡೀಸೆಲ್ ಬರಾಕ ಹತ್ತಿತ್ತು. ನಾಳೆ ಗುಜರಿಗೆ ಹೋಗೂ ಎಮ್ಮಿ ಮೈ ಯಾರು ತೊಳೀತಾರ? ನೀ ಮಾಡಿದ್ದು ಆ ಇಂಜಿನ್ ಆದ್ರ ಬರೋಬ್ಬರಿ ಐತಿ. ನನ್ನ ಇಂಜಿನ್ ಅಂತ ಹೇಳಬ್ಯಾಡ." ಸ್ವಲ್ಪ ತಡೆದು ಅಂದರು, "ಹಿಂಗ ಬಿಟ್ಟಿದ್ರ ನನಗ ಪಗಾರ ಯಾತಕ್ಕ ಕೊಡ್ತಿದ್ರು?"

ನಾನು ಸುಮ್ಮನಾದೆ. ಫೋಟೊದವರು ಸುಳ್ಳು ಹೇಳಿಲ್ಲ. ಆದರೆ ಅವರು ಬಂದದ್ದು ಮುಗಿಯೋ ಹೊತ್ತಿಗೆ, ಮುಗೀತಾ ಇದೆ ಅನ್ನೋ ಕಾರಣಕ್ಕೇ. ಕಣ್ಣಿಗೆ ಚಂದ ಕಂಡದ್ದೂ ಮುಗಿಯೋದರ ಚಂದವೇ: ತುಕ್ಕು, ಸೋರಿಕೆ, ಕೊನೆಯ ಹೊಗೆ. 1963ರಲ್ಲಿ ರಾತ್ರಿ ಪಾಳಿಯಲ್ಲಿ ಒಬ್ಬ ಹುಡುಗ ಇಂಜಿನ್ ಒರೆಸ್ತಿದ್ದಾಗ ಅಲ್ಲಿ ಯಾವ ಕ್ಯಾಮೆರಾನೂ ಇರಲಿಲ್ಲ. ಅವನ ಕೆಲಸ ಚೆನ್ನಾಗಿ ಆದಾಗ ಉಳಿಯೋದು ಏನೂ ಇಲ್ಲ. ಕಲೆ ಇಲ್ಲದ್ದನ್ನ ಫೋಟೊದಲ್ಲಿ ಹುಡುಕೋದು ಹೇಗೆ? ಪ್ರೊಡಕ್ಷನ್ ಸರ್ವರ್ ಬೀಳದ ಹಾಗೆ ನೋಡಿಕೊಳ್ಳೋ ಕೆಲಸದಲ್ಲಿ ಇರೋರಿಗೆ ಈ ಸಂಕಟ ಬಿಡಿಸಿ ಹೇಳಬೇಕಿ‌ಲ್ಲ.

ಹಾಗಂತ 1965ರ ವೈಪಿ ಶೋರೂಮಿನಿಂದ ಬಂದ ಹಾಗಿತ್ತಾ? ಅದನ್ನೇ ಕೇಳಿದೆ. ಚಹಾ ಎರಡು ಸಲ ಬಂತು, ಆ ಮಧ್ಯಾಹ್ನ ಪೂರ್ತಿ ಅದರಲ್ಲೇ ಹೋಯಿತು. ಹತ್ತಿಯ ವೇಸ್ಟನ್ನು ಸೀಮೆಎಣ್ಣೆ ಮತ್ತು ಹಳೇ ಎಣ್ಣೆಯ ಮಿಶ್ರಣದಲ್ಲಿ ಅದ್ದಿ ಒರೆಸೋದು. ನೀರಲ್ಲ, ಎಣ್ಣೆ. ಹಾಗಾಗಿ ಸ್ವಚ್ಛವಾದ ಇಂಜಿನ್ನಿಗೆ ಹೊಸ ಬಣ್ಣದ ಹೊಳಪು ಇರ್ತಿರಲಿಲ್ಲ, ಎಣ್ಣೆಯ ಮೈಹೊಳಪು ಇರ್ತಿತ್ತು, ಬಿಸಿಲು ಬಿದ್ದರೆ ನವಿಲಿನ ಕುತ್ತಿಗೆಯ ಹಾಗೆ ಬಣ್ಣ ತಿರುಗೋದು. ಒರೆಸಿದ ಗುರುತು ಅಡ್ಡಕ್ಕೆ, ಮುಂದಿನಿಂದ ಹಿಂದಕ್ಕೆ. ಪೈಪಿನ ಹಿಂದೆ, ಮೊಳೆಗಳ ಸುತ್ತ ಕೈ ಹೋಗದ ಕಡೆ ಮಸಿ ಹಾಗೇ. "ಮ್ಯಾಲೆ?" ಅಂದೆ. ನಕ್ಕರು. "ಮ್ಯಾಲೆ ಯಾರು ನೋಡ್ತಾರ? ರನ್ನಿಂಗ್ ಬೋರ್ಡ್ ಮ್ಯಾಲೆ ನಿಂತು ಕೈ ಎಟುಕಿದಷ್ಟು. ಗಿಡ್ಡ ಹುಡುಗ ಇದ್ರ ಇನ್ನೂ ಸ್ವಲ್ಪ ಕೆಳಗ." ದೊಡ್ಡಪ್ಪ ಎತ್ತರದ ಆಳು. ಅವರ ಪಾಳಿ ಯಾವುದು, ಇನ್ನೊಬ್ಬನ ಪಾಳಿ ಯಾವುದು ಅನ್ನೋದು ಇಂಜಿನ್ ಹೊರಗೆ ಬಂದಾಗ ಫೋರ್‌ಮನ್ನಿಗೆ ದೂರದಿಂದಲೇ ಗೊತ್ತಾಗುತ್ತಿತ್ತಂತೆ. ಬಾಯ್ಲರಿನ ಮೇಲೆ ಮಸಿ ಮತ್ತು ಹೊಳಪು ಸೇರೋ ಆ ಗೆರೆಯ ಎತ್ತರದಿಂದ.

ಯಾವ ಪುಸ್ತಕದಲ್ಲೂ ನಾನು ಓದದ ವಿಷಯ ಇದು. ಅವರ ಬಲಗೈಯನ್ನ ಎತ್ತಿಸಿ, ಗೋಡೆಗೆ ನಿಲ್ಲಿಸಿ, ನೆಲದಿಂದ ಬೆರಳ ತುದಿಯವರೆಗೆ ಟೇಪ್ ಹಿಡಿದೆ. ಈಗ ಬೆನ್ನು ಬಾಗಿದೆ, ಭುಜ ಪೂರ್ತಿ ಮೇಲೇಳಲ್ಲ. ಆವಾಗಿನ ಎತ್ತರಕ್ಕೆ ಇನ್ನೊಂದು ಗೇಣು ಹಾಕು ಅಂದರು. ಹಾಕಿದೆ. 87ರಿಂದ ಭಾಗಿಸಿದರೆ ಹತ್ತಿರ ಹತ್ತಿರ ಇಪ್ಪತ್ತಾರು ಮಿಲಿಮೀಟರ್.

ಬೆಂಗಳೂರಿಗೆ ವಾಪಸ್ ಬಂದು ಹನ್ನೊಂದೂ ಗೆರೆ ತೊಳೆದೆ. 'ಎಸ್‌ಸಿ' ತೆಗೆದು 'ಎಸ್‌ಆರ್' ಬರೆದೆ. ಮಣ್ಣನ್ನು ಮುಟ್ಟಲಿಲ್ಲ, ನೆಲಕ್ಕೆ ಕಾಲಮಾನ ಇಲ್ಲ. ಬಾಯ್ಲರಿಗೆ ಸ್ಯಾಟಿನ್ ವಾರ್ನಿಶ್ ತೆಳುವಾಗಿ, ಅದರ ಮೇಲೆ ಎಣ್ಣೆಬಣ್ಣದ ಕಂದನ್ನು ಅಡ್ಡಕ್ಕೆ ಎಳೆದು ಒರೆಸಿ, ಪೈಪುಗಳ ಹಿಂದೆ ಮಸಿ ಬಿಟ್ಟು. ರನ್ನಿಂಗ್ ಬೋರ್ಡಿನಿಂದ ಇಪ್ಪತ್ತಾರು ಮಿಲಿಮೀಟರ್ ಅಳೆದರೆ ಬಾಯ್ಲರಿನ ನೆತ್ತಿಯನ್ನೂ ದಾಟುತ್ತೆ, ಆದರೆ ಬಾಯ್ಲರ್ ದುಂಡಗಿದೆ, ಕೈ ಅದರ ಹೊಟ್ಟೆಯ ಮೇಲಿಂದ ಬಾಗಿ ಹೋಗಬೇಕು. ಎರಡು ಸೆಂಟಿಮೀಟರಿನ ಒಬ್ಬ ಮನುಷ್ಯನನ್ನು ತಂತಿಯಲ್ಲಿ ಮಾಡಿ, ಕೈ ಎತ್ತಿಸಿ, ಅದೇ ಬೋರ್ಡಿನ ಮೇಲೆ ನಿಲ್ಲಿಸಿ ಬಗ್ಗಿಸಿ ನೋಡಿದೆ. ನೆತ್ತಿಗೆ ಇನ್ನೂ ಸ್ವಲ್ಪ ಇರುವಾಗಲೇ ಅವನ ಬೆರಳು ನಿಂತಿತು. ಅಲ್ಲಿಗೆ ಹೊಳಪು ನಿಲ್ಲಿಸಿದೆ. ಅದರ ಮೇಲಿನದ್ದೆಲ್ಲ ಮಸಿ.

ಸಂಕ್ರಾಂತಿಗೆ ಮತ್ತೆ ಶೂ ಡಬ್ಬಿ. ಈ ಸಲ ವಾರ್ನಿಶ್ ಹೊಡೆದೇ ಒಯ್ದಿದ್ದೆ. ದೊಡ್ಡಪ್ಪ ಬೆಳಕಿಗೆ ಹಿಡಿದು, ಓರೆ ಮಾಡಿ, ಆ ಗೆರೆಯ ಮೇಲೆ ಹೆಬ್ಬೆರಳಿನ ಉಗುರು ಆಡಿಸಿದರು. ಏನೂ ಹೇಳಲಿಲ್ಲ. ಆಮೇಲೆ ಎಡಮಗ್ಗಲಿನ ಫೈರ್‌ಬಾಕ್ಸಿನ ಹತ್ತಿರದ ಒಂದು ಪ್ಲಗ್ಗು ತೋರಿಸಿ, "ಇಲ್ಲೊಂದು ಸುಣ್ಣದ ಗೆರಿ ಹಾಕು" ಅಂದರು.

"ಹೊಲಸು ಅಂದಿದ್ರಿ?"

"ಇದೊಂದು ಯಾವಾಗ್ಲೂ ಸೋರತಿತ್ತು. ಒರಸಿದ್ರ ಸಂಜಿಗೆ ಮತ್ತ ಬರತಿತ್ತು." ಇಂಜಿನ್ ನನ್ನ ಕೈಗೆ ಕೊಟ್ಟು, ಕನ್ನಡಕ ಮಡಚಿ ಕಿಸೆಗೆ ಇಟ್ಟುಕೊಂಡರು. "ಅದು ಕ್ಲೀನರ್ ತಪ್ಪಲ್ಲ. ಫಿಟರ್ ಮಂದೀದು."